ಇಪ್ಪತ್ತಾರನೆಯ ಮೊಳೆ

ಅವನನ್ನು ಎಲ್ಲರೂ ದಬ್ಬಣ ಎಂದೇ ಕರೆಯುತ್ತಿದ್ದರು. ಹಾಸಿಗೆ ಹೊಲಿಯುವ ಉದ್ದನೆಯ ಸೂಜಿಯನ್ನು ಹಿಡಿದು ಅವನು ಮೂವತ್ತೊಂದು ವರ್ಷ ಕೆಲಸ ಮಾಡಿದ. ನೋಡುವುದಕ್ಕೂ ಆ ಸೂಜಿಯ ಹಾಗೆಯೇ ಇದ್ದ. ಉದ್ದ, ತೆಳು, ನೆಟ್ಟಗೆ. ಇವನನ್ನು ಮಡಚಿ ಇಡುವುದಕ್ಕೆ ಬರುವುದಿಲ್ಲ ಎಂದು ಹೊಲಿಗೆ ಮೆಷಿನ್ನಿನ ಹೆಂಗಸರು ನಗುತ್ತಿದ್ದರು. ನಾನು ಆ ಹಾಸಿಗೆ ಕಾರ್ಖಾನೆಯ ಗೇಟಿನಲ್ಲಿ ಕೂರುತ್ತಿದ್ದವಳು. ಅವನ ನಂಬರು ಇಪ್ಪತ್ತಾರು.

ಗೇಟಿನ ಕೆಲಸ ನನಗೆ ಸಿಕ್ಕಿದ್ದು ನನ್ನ ಯಜಮಾನರು ಹೋದ ಮೇಲೆ. ಅವರು ಅಲ್ಲಿಯೇ ಹತ್ತಿ ಗೋದಾಮಿನಲ್ಲಿದ್ದರು. ಒಂದು ಮಧ್ಯಾಹ್ನ ಯಾರೋ ಒಳಗೆ ಕಡ್ಡಿ ಗೀರಿದರು. ಯಾರೆಂದು ಕೊನೆಗೂ ತಿಳಿಯಲಿಲ್ಲ. ಹತ್ತಿಗೆ ಬಿದ್ದ ಕಿಡಿ ಮೊದಲು ಕಣ್ಣಿಗೆ ಕಾಣುವುದಿಲ್ಲ. ಒಳಗೊಳಗೇ ತಿನ್ನುತ್ತ ಬರುತ್ತದೆ. ಕಾಣುವ ಹೊತ್ತಿಗೆ ಬಾಗಿಲ ದಾರಿ ಮುಚ್ಚಿರುತ್ತದೆ. ತಿಂಗಳು ಕಳೆದ ಮೇಲೆ ಹಳೆಯ ಮಾಲೀಕರು ನನ್ನನ್ನು ಕರೆಸಿದರು. "ಏನು ಬೇಕಮ್ಮ ನಿನಗೆ?" ಎಂದು ಕೇಳಿದರು. ಗೇಟಿನಲ್ಲಿ ಕೂರುವ ಕೆಲಸ ಬೇಕು, ಒಂದು ಹಲಗೆ ಬೇಕು, ಅರವತ್ತು ಮೊಳೆ ಬೇಕು ಎಂದೆ. ಅವರು ಹಲಗೆ ಯಾಕೆ ಎಂದು ಕೇಳಲಿಲ್ಲ.

ಹಾಸಿಗೆಯ ಪಟ್ಟೆಬಟ್ಟೆಯ ಚೂರುಗಳಲ್ಲಿ ಅಂಗೈಯಷ್ಟಗಲದ ಚೀಲಗಳನ್ನು ನಾನೇ ಹೊಲಿದೆ. ಬಾಯಿಗೆ ದಾರ ಹಾಕಿದೆ. ಒಂದೊಂದರ ಮೇಲೂ ಕೆಂಪು ನೂಲಿನಲ್ಲಿ ನಂಬರು ಹಾಕಿದೆ. ಬೆಳಿಗ್ಗೆ ಎಂಟೂವರೆಗೆ ಬಂದವರು ತಮ್ಮ ಬೆಂಕಿಪೊಟ್ಟಣ, ಲೈಟರು, ಸಿಗರೇಟು ಎಲ್ಲವನ್ನೂ ಆ ಚೀಲಕ್ಕೆ ಹಾಕಿ ತಮ್ಮ ಮೊಳೆಗೆ ತೂಗುಹಾಕಿ ಒಳಗೆ ಹೋಗಬೇಕು. ಒಂದು ಗಂಟೆಗೆ ಊಟದ ಬಿಡುವು. ಬೇಕಾದವರು ಚೀಲ ತೆಗೆದುಕೊಂಡು ರಸ್ತೆ ದಾಟಿ, ಎದುರಿನ ಗೋಡೆಗೆ ಒರಗಿ ಸೇದಿ, ಮತ್ತೆ ಚೀಲ ತಂದು ತೂಗುಹಾಕಬೇಕು. ಐದು ಗಂಟೆಗೆ ಮನೆಗೆ. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಒಳಗೆ ಒಂದು ಕಡ್ಡಿ ಹೋಗಲಿಲ್ಲ.

ಆಮೇಲೆ ಹೊಸ ಮ್ಯಾನೇಜರು ಬಂದರು.

ಅವರು ಕೆಟ್ಟವರು ಎಂದು ನಾನು ಬರೆಯುವುದಿಲ್ಲ. ಮೂವತ್ತೈದರ ಒಳಗಿನವರು, ಮಾತು ಮೆದು, ನನ್ನನ್ನು ಅಮ್ಮ ಎಂದೇ ಕರೆಯುತ್ತಿದ್ದರು. "ನಮ್ಮಪ್ಪ ಐವತ್ತೆರಡಕ್ಕೆ ಹೋದ್ರಮ್ಮ, ಇದರಿಂದಲೇ. ಕೊನೆಗೆ ಒಂದು ಲೋಟ ನೀರು ಕುಡಿಯೋಕೂ ಉಸಿರು ಸಾಲ್ತಿರಲಿಲ್ಲ" ಎಂದು ನನ್ನ ಮೇಜಿನ ಮುಂದೆ ನಿಂತು ಹೇಳಿದ್ದರು. ಸುಳ್ಳಲ್ಲ, ಕಣ್ಣು ತೇವವಾಗಿತ್ತು. ಅದೇ ವಾರ ಅವರ ಆದೇಶ ಬಂತು. ಇನ್ನು ಮುಂದೆ ಈ ಕಾರ್ಖಾನೆಯಲ್ಲಿ ಸೇದುವವರಿಗೇ ಕೆಲಸವಿಲ್ಲ. ಒಳಗೂ ಸೇದುವಂತಿಲ್ಲ, ಗೇಟಿನಾಚೆಗೂ ಇಲ್ಲ, ಅವರವರ ಮನೆಯಲ್ಲೂ ಇಲ್ಲ.

ನನ್ನ ಹಲಗೆಯನ್ನು ಇಳಿಸಿದರು. ಅದು ಸೇದುವವರಿಗೆ ಮಣೆ ಹಾಕಿದ ಹಾಗಾಗುತ್ತದಂತೆ. ಆ ಜಾಗದಲ್ಲಿ 'ಹೊಗೆಮುಕ್ತ ಕಾರ್ಖಾನೆ' ಎಂಬ ಹಸಿರು ಫಲಕ ಬಂತು. ಯಾರ ಹತ್ತಿರವಾದರೂ ಕಡ್ಡಿಪೊಟ್ಟಣ ಕಂಡರೆ ಆ ದಿನ ಅವರನ್ನು ವಾಪಸು ಕಳಿಸಬೇಕೆಂದು ನನಗೆ ಅಪ್ಪಣೆಯಾಯಿತು. ಒಂದು ರಿಜಿಸ್ಟರು ಕೊಟ್ಟರು. ಒಬ್ಬೊಬ್ಬರೂ ನನ್ನ ಕಿಟಕಿಗೆ ಬಗ್ಗಿ ತಮ್ಮ ನಂಬರನ್ನು ಜೋರಾಗಿ ಹೇಳಬೇಕು. ಆಗ ಬರುವ ಉಸಿರನ್ನು ನಾನು ಮೂಸಬೇಕು. ವಾಸನೆಯಿಲ್ಲದಿದ್ದರೆ ಸೊನ್ನೆ, ಇದ್ದರೆ ಗುಣಾಕಾರದ ಗುರುತು. ತಿಂಗಳಲ್ಲಿ ಮೂರು ಗುರುತು ಬಿದ್ದರೆ ಮನೆಗೆ. ರಿಜಿಸ್ಟರು ದಿನಾ ನಾಲ್ಕೂವರೆಗೆ ಮ್ಯಾನೇಜರ ಮೇಜಿಗೆ ಹೋಗಬೇಕು.

ಮೊದಲನೆಯ ದಿನವೇ ಇಡೀ ಕಾರ್ಖಾನೆ ಲವಂಗದ ವಾಸನೆ ಹೊಡೆಯಿತು. ಎರಡನೆಯ ದಿನ ಲವಂಗ, ಏಲಕ್ಕಿ, ಟೂತ್‌ಪೇಸ್ಟು. ಹಾಸಿಗೆಯ ಅಂಚು ಹೊಲಿಯುವ ಹೆಂಗಸು, ಬಾಯಿ ಸುಮ್ಮನಿದ್ದರೆ ಊಟ ಸೇರದವಳು, ನನ್ನ ಕಿಟಕಿಯ ಹತ್ತಿರವೇ ನಿಂತು ಹೇಳಿದಳು: "ಅಕ್ಕಾ, ನಮ್ಮ ಗಂಡಸರು ಮದುವೆ ದಿನವೂ ಇಷ್ಟು ಚೆನ್ನಾಗಿ ಹಲ್ಲುಜ್ಜಿರಲಿಲ್ಲ!"

ಅರವತ್ತು ಜನರಲ್ಲಿ ಸೇದುತ್ತಿದ್ದವರು ಇಪ್ಪತ್ತಮೂರು. ಅವರಲ್ಲಿ ಇಪ್ಪತ್ತೆರಡು ಜನಕ್ಕೆ ಸೊನ್ನೆ ಬಿತ್ತು. ಗುರುತು ಬಿದ್ದದ್ದು ಒಬ್ಬನಿಗೇ.

ದಬ್ಬಣ ದಿನಕ್ಕೆ ಒಂದೇ ಸಿಗರೇಟು ಸೇದುತ್ತಿದ್ದ. ಬೆಳಿಗ್ಗೆ ಸ್ನಾನ ಮಾಡಿ, ಮನೆಯ ಹೊರಗಿನ ಮೆಟ್ಟಿಲ ಮೇಲೆ ಕೂತು, ಬಾಗಿಲು ಹಾಕಿಕೊಂಡು. ಹೆಂಡತಿಗೆ ಹೊಗೆ ತಾಗಬಾರದೆಂದು ಬಾಗಿಲು. ಆಕೆಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ದಿನ ಬೆಳಿಗ್ಗೆ ಆರಕ್ಕೆ ಆಸ್ಪತ್ರೆಗೆ ಕರೆದೊಯ್ದು ಮೆಷಿನ್ನಿಗೆ ಹಾಕಿಸಿ ಬರುತ್ತಿದ್ದ. ಅದೆಲ್ಲ ನಡೆಯುತ್ತಿದ್ದದ್ದು ಕಾರ್ಖಾನೆ ಕೊಟ್ಟಿದ್ದ ಆಸ್ಪತ್ರೆ ಕಾರ್ಡಿನ ಮೇಲೆ. ಕೆಲಸ ಹೋದರೆ ಕಾರ್ಡೂ ಹೋಗುತ್ತದೆ. ಅವನ ವಯಸ್ಸಿಗೆ, ಅವನ ಕೈಹೊಲಿಗೆಗೆ, ಬೇರೆಲ್ಲೂ ಕೆಲಸವಿರಲಿಲ್ಲ.

ಮೊದಲ ಎರಡು ದಿನ ಎರಡು ಗುರುತು ಬಿದ್ದಾಗ ನಾನೇ ಕೈಯಲ್ಲಿ ಎರಡು ಲವಂಗ ಹಿಡಿದು ಕೂತಿದ್ದೆ.

"ತಗೋ. ಬಾಯಿಗೆ ಹಾಕ್ಕೋ."

"ಬೇಡಕ್ಕಾ."

"ಎಲ್ಲರೂ ಹಾಕ್ಕೊಳ್ತಿದ್ದಾರೆ."

"ಹಾಕ್ಕೊಳ್ಳಲಿ. ನಾನು ಕದ್ದಿಲ್ಲ. ಗೇಟಿನೊಳಗೆ ನಾನು ಕಾರ್ಖಾನೆಯವನು, ಏನು ಹೇಳಿದ್ರೂ ಕೇಳ್ತೀನಿ. ನಮ್ಮನೆ ಮೆಟ್ಟಿಲ ಮೇಲೆ ಕೂತದ್ದಕ್ಕೆ ಬಾಯಿ ತೊಳ್ಕೊಂಡು ಬರಲಾ?"

"ಹಟ ಮಾಡ್ಬೇಡ. ಹೆಂಡತಿ ಮುಖ ನೋಡು."

ಅವನು ಲವಂಗ ಮುಟ್ಟದೆ ಹೊರಟ. ಮೂರನೆಯ ದಿನದಿಂದ ಸೊನ್ನೆ ಬಿತ್ತು. ಲವಂಗದ್ದಲ್ಲ, ನಿಜವಾದ ಸೊನ್ನೆ. ಬಿಟ್ಟಿದ್ದ. ಹನ್ನೊಂದನೆಯ ದಿನಕ್ಕೆ ಹೆಂಡತಿಯೇ, "ಹೋಗಿ ಒಂದು ಸೇದಿ ಬನ್ನಿ, ನಂಗೆ ಈ ಸಿಡುಕು ಕರಡಿ ಜೊತೆ ಬಾಳೋಕಾಗಲ್ಲ" ಎಂದಳಂತೆ. ಅವನು ಸೇದಲಿಲ್ಲ.

ಆದರೆ ಚೀಲದ ಸಾಮಾನನ್ನು ಮೊದಲ ದಿನದಿಂದಲೂ ಜೇಬಿನಲ್ಲಿ ತರುತ್ತಿದ್ದ, ಬಿಟ್ಟ ಮೇಲೂ ತಂದ. ಒಂದು ಬೆಂಕಿಪೊಟ್ಟಣ, ಒಂದೇ ಒಂದು ಸಿಗರೇಟು. ಬೆಳಿಗ್ಗೆ ಕಿಟಕಿಯಲ್ಲಿ ಅವನ್ನು ನನ್ನ ಮುಂದೆ ಇಡುತ್ತಿದ್ದ. ವಾಪಸು ಕಳಿಸಬೇಕಾದ ಅಪ್ಪಣೆ ಅವನಿಗೂ ಗೊತ್ತು, ನನಗೂ ಗೊತ್ತು.

"ಸೇದೋದಿಲ್ಲ ಅಂದಮೇಲೆ ಇದ್ಯಾಕೋ ನಿನಗೆ?" ಎಂದೆ.

"ಜೇಬಲ್ಲಿ ಇದ್ರೆ, ನಾನು ಬಿಟ್ಟಿದ್ದೀನಿ ಅನ್ಸುತ್ತಕ್ಕಾ. ಇಲ್ದಿದ್ರೆ, ಬಿಡಿಸಿದ್ದಾರೆ ಅನ್ಸುತ್ತೆ."

"ಮನೇಲಿ ಇಟ್ಟು ಬಾ."

"ಮನೇಲಿ ಇಟ್ರೆ ಮನೇಲೇ ಇರುತ್ತೆ. ಇಲ್ಲಿ ಇಟ್ರೆ, ಇಟ್ಟು ಒಳಗೆ ಹೋದೆ ಅಂತಾಗುತ್ತೆ. ಇಪ್ಪತ್ತೆರಡು ವರ್ಷದ ಅಭ್ಯಾಸ, ನೀವೇ ಮಾಡ್ಸಿದ್ದು."

ಹಲಗೆ ಇಳಿಸಿದಾಗ ಪಟ್ಟೆಚೀಲಗಳನ್ನೆಲ್ಲ ನಾನು ಒಗೆದು ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಇಟ್ಟಿದ್ದೆ. ಮೊದಲ ದಿನವೇ ಅದರಿಂದ ಇಪ್ಪತ್ತಾರನ್ನು ತೆಗೆದು ಅವನ ಪೊಟ್ಟಣ ಹಾಕಿ, ನನ್ನ ಊಟದ ಡಬ್ಬಿಯ ಹಿಂದೆ ಇಟ್ಟು ಬೀಗ ಹಾಕಿದೆ. ಹದಿನೆಂಟು ದಿನ ಹೀಗೆ ಮಾಡಿದೆ. ತಪ್ಪೆಂದು ಗೊತ್ತಿದ್ದೇ ಮಾಡಿದೆ.

ಹತ್ತೊಂಬತ್ತನೆಯ ದಿನ ಅವನು ಬರುವಾಗಲೇ ನಡಿಗೆ ಬೇರೆಯಾಗಿತ್ತು. ಸಾಲಿನಲ್ಲಿ ಕೊನೆಗೆ ನಿಂತ. ಕಿಟಕಿಗೆ ಬಗ್ಗಿ "ಇಪ್ಪತ್ತಾರು" ಎಂದ. ವಾಸನೆ ನೇರ ನನ್ನ ಮುಖಕ್ಕೆ ಬಂತು. ಹಳೆಯದಲ್ಲ, ಆಗಷ್ಟೇ ಸೇದಿದ್ದು.

ನಾನು ಪೆನ್ನು ಹಿಡಿದವಳು ಹಾಗೆಯೇ ಕೂತೆ.

"ಬೆಳಿಗ್ಗೆ ಆಸ್ಪತ್ರೇಲಿ ಅವಳಿಗೆ ಬಿಪಿ ಬಿದ್ದುಬಿಡ್ತು" ಎಂದ. "ಕಣ್ಣು ಮೇಲೆ ಮಾಡಿದ್ಲು. ನನ್ನನ್ನ ಆಚೆ ಕಳ್ಸಿದ್ರು. ಅರ್ಧ ಗಂಟೆ ಬಿಟ್ಟು ನರ್ಸ್ ಬಂದು, ಸರಿಹೋದ್ರು, ನೀವು ಕೆಲಸಕ್ಕೆ ಹೋಗಿ ಅಂದ್ರು. ರಸ್ತೆಗೆ ಬಂದೆ. ಒಂದು ಹಚ್ಚಿದೆ."

"ದಬ್ಬಣಾ..."

"ಮೂಗಿಗೆ ಬಂದದ್ದನ್ನ ಬರೀರಿ. ನಿಮ್ಮ ಕೈಯಲ್ಲಿ ಸುಳ್ಳು ಬರೆಸಿ ಅವಳಿಗೆ ಔಷಧಿ ಕೊಡಿಸೋದು ನಂಗೆ ಬೇಡ."

ಪೊಟ್ಟಣವನ್ನು ನನ್ನ ಮುಂದಿಟ್ಟು ಒಳಗೆ ಹೋದ. ನಾನು ಅದನ್ನು ಚೀಲಕ್ಕೆ ಹಾಕಿ ಡ್ರಾಯರಿಗೆ ಬೀಗ ಹಾಕಿದೆ. ರಿಜಿಸ್ಟರಿನಲ್ಲಿ ಇಪ್ಪತ್ತಾರರ ಮುಂದಿನ ಮನೆ ಖಾಲಿ ಉಳಿಯಿತು. ಸೊನ್ನೆ ಬರೆದರೆ ಅದು ನನ್ನ ಮೊದಲ ಸುಳ್ಳು. ಗುರುತು ಹಾಕಿದರೆ ಒಬ್ಬ ಹೆಂಗಸಿನ ಕಾರ್ಡು ಹೋಗುತ್ತದೆ. ನಾಲ್ಕೂವರೆಯವರೆಗೆ ಹೊತ್ತಿತ್ತು. ಊಟದ ಡಬ್ಬಿ ತೆರೆದೆ, ಮುಚ್ಚಿದೆ. ಎರಡು ಸಲ ಪೆನ್ನು ತೆಗೆದುಕೊಂಡೆ. ಮೂರು ಗಂಟೆಯಾಯಿತು. ಆ ಖಾಲಿ ಮನೆಯನ್ನು ನೋಡಿ ನೋಡಿ ಕಣ್ಣು ಉರಿಯಿತು.

ಮೂರೂವರೆಯ ಹೊತ್ತಿಗೆ ಒಳಗಿನಿಂದ ಬರುತ್ತಿದ್ದ ಹಿಂಜುವ ಯಂತ್ರದ ಸದ್ದು ತಟ್ಟನೆ ನಿಂತಿತು.

ಹಿಂಜುವ ಯಂತ್ರವೆಂದರೆ ಹತ್ತಿಯ ಉಂಡೆಗಳನ್ನು ಬಿಡಿಸಿ ನಯ ಮಾಡುವ ಯಂತ್ರ. ಹತ್ತಿ ಒಂದು ಪಟ್ಟಿಯ ಮೇಲೆ ಸಾಗಿ ಕಬ್ಬಿಣದ ಹಲ್ಲುಗಳಿರುವ ಉರುಳೆಗೆ ಸಿಗುತ್ತದೆ. ಒಂದು ಸಣ್ಣ ಮೊಳೆ ಸಿಕ್ಕಿದರೂ ಕಿಡಿ ಹಾರುತ್ತದೆ. ಹೊತ್ತಿಗೆ ಮುಂಚೆ ಅದು ನಿಂತರೆ ಒಳಗೆ ಏನೋ ಆಗಿದೆ ಎಂದೇ ಲೆಕ್ಕ. ನಾನು ಎದ್ದು ಅಂಗಳಕ್ಕೆ ಬಂದೆ.

ದಬ್ಬಣ ಅಂಗಳ ದಾಟಿ ನನ್ನ ಕಡೆ ಬರುತ್ತಿದ್ದ. ಬಲಗೈ ತೋಳಿನ ಅಂಗಿ ಹರಿದು ಜೋತಾಡುತ್ತಿತ್ತು. ಎರಡು ಗೆಣ್ಣುಗಳಲ್ಲಿ ರಕ್ತ. ಆ ಕೈಯಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಒಂದು ಹಳದಿ ಬೆಂಕಿಪೊಟ್ಟಣ ಹಿಡಿದಿದ್ದ.

ಹಾಸಿಗೆಗೆ ತುಂಬುವ ಹತ್ತಿ ತರಲು ಅವನು ಯಂತ್ರದ ಹತ್ತಿರ ಹೋಗಿದ್ದ. ಪಟ್ಟಿಯ ಮೇಲೆ ಸಾಗುತ್ತಿದ್ದ ಹತ್ತಿಯಲ್ಲಿ ಹಳದಿ ಮೂಲೆಯೊಂದು ಕಂಡಿತು. ಕೂಗಿದ. ಯಂತ್ರ ಓಡಿಸುವವನು ಗುಂಡಿ ಒತ್ತಿದ. ಆದರೆ ಆ ಉರುಳೆ ಗುಂಡಿ ಒತ್ತಿದ ಮೇಲೂ ಹತ್ತು ಸುತ್ತು ಸುತ್ತುತ್ತದೆ. ಇವನು ಕೈ ಹಾಕಿ ಎಳೆದುಬಿಟ್ಟ. ಆಮೇಲೆ ಅಲ್ಲಿಯೇ ನೆಲಕ್ಕೆ ಇಟ್ಟು ಬರಬಹುದಾಗಿತ್ತು, ಇಲ್ಲವೇ ಸೂಪರ್‌ವೈಸರನ್ನು ಕೂಗಬಹುದಾಗಿತ್ತು. ಬೇರೆ ಯಾರಾದರೂ ಹಾಗೇ ಮಾಡುತ್ತಿದ್ದರು. ಅವನಿಗೆ ಅದು ಹೊಳೆಯಲೇ ಇಲ್ಲ. ಬೆಂಕಿಪೊಟ್ಟಣ ಕೈಗೆ ಬಂದರೆ ಅದನ್ನು ಗೇಟಿಗೆ ತಂದು ಒಪ್ಪಿಸಬೇಕು, ಅವನ ತಲೆಯಲ್ಲಿ ಇದ್ದದ್ದು ಅಷ್ಟೇ.

ಆಫೀಸಿನ ಬಾಗಿಲಲ್ಲಿ ಮ್ಯಾನೇಜರು ನಿಂತಿದ್ದರು.

"ನಿಲ್ಲು" ಎಂದರು. ಆ ಮೆದು ದನಿ ಅಷ್ಟು ಗಡುಸಾದದ್ದನ್ನು ನಾನು ಕೇಳಿದ್ದು ಅದೇ ಮೊದಲ ಸಲ. "ಏನದು ಕೈಯಲ್ಲಿ?"

"ಕಡ್ಡಿಪೊಟ್ಟಣ ಸರ್. ಹತ್ತಿಯಲ್ಲಿ ಸಿಕ್ತು."

"ಹತ್ತಿಯಲ್ಲಿ ಬೆಳೀತಾ?"

ಬಾಗಿಲುಗಳಿಗೆ ಜನ ಬಂದು ನಿಂತಿದ್ದರು. ಯಾರೂ ನಗಲಿಲ್ಲ. ಮ್ಯಾನೇಜರು ಅವನ ಹತ್ತಿರ ಬಂದವರು ಒಂದು ಹೆಜ್ಜೆ ಹಿಂದೆ ಸರಿದರು. ಬೆಳಗಿನ ವಾಸನೆ ಇನ್ನೂ ಅಂಗಿಯಲ್ಲಿತ್ತು.

"ಸೇದಿದ್ದೀಯ."

"ಬೆಳಿಗ್ಗೆ, ರಸ್ತೇಲಿ."

"ಪೊಟ್ಟಣ ಹಿಡ್ಕೊಂಡು ಹತ್ತಿ ಹತ್ರ ನಿಂತಿದ್ದೀಯ. ಇನ್ನೇನು ಬೇಕು? ಅಮ್ಮ, ರಿಜಿಸ್ಟರು ತನ್ನಿ."

ತಂದೆ. ಅವರ ಕೈಗೆ ಕೊಟ್ಟೆ. ಅವರು ಬೆರಳಿಟ್ಟು ನೋಡುತ್ತ ಬಂದು ಇಪ್ಪತ್ತಾರರಲ್ಲಿ ನಿಂತರು.

"ಇದ್ಯಾಕೆ ಖಾಲಿ?"

"ಬರೆದಿಲ್ಲ."

"ವಾಸನೆ ಬಂತೋ ಇಲ್ವೋ?"

ದಬ್ಬಣ ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತಿದ್ದ. ಗೆಣ್ಣಿನಿಂದ ಒಂದು ಹನಿ ಅವನ ಚಪ್ಪಲಿಯ ಮೇಲೆ ಬಿತ್ತು.

"ಬಂತು" ಎಂದೆ. ಪೆನ್ನು ತೆಗೆದು ಅವರ ಮುಂದೆಯೇ ಗುರುತು ಹಾಕಿದೆ. ಮೂರನೆಯದು. ಬಾಗಿಲಲ್ಲಿ ನಿಂತಿದ್ದ ಅಂಚಿನ ಹೆಂಗಸು "ಅಯ್ಯೋ ಅಕ್ಕಾ!" ಎಂದಳು.

"ಆದ್ರೆ ಆ ಪೊಟ್ಟಣ ಅವನದಲ್ಲ" ಎಂದೆ.

"ನಿಮಗೆ ಹೇಗೆ ಗೊತ್ತು?"

ಮೇಜಿಗೆ ಹೋಗಿ, ಸೊಂಟದ ಬೀಗದಕೈ ತೆಗೆದು, ಡ್ರಾಯರು ತೆರೆದೆ. ಊಟದ ಡಬ್ಬಿ ಆಚೆ ಇಟ್ಟು ಚೀಲ ತಂದು ಅವರ ಕೈಗೆ ಕೊಟ್ಟೆ. ಅವರು ದಾರ ಬಿಚ್ಚಿದರು. ಒಂದು ಪೊಟ್ಟಣ. ಸಿಗರೇಟಿಲ್ಲ.

"ಅವನದು ಇದು. ಎಂಟೂವರೆಯಿಂದ ನನ್ನ ಬೀಗದೊಳಗಿದೆ. ಹತ್ತೊಂಬತ್ತು ದಿನದಿಂದ ಇಡ್ತಿದ್ದೀನಿ."

"ನಾನು ಬೇಡ ಅಂದಿದ್ದೆ."

"ಹೌದು. ನಾನು ಕೇಳಲಿಲ್ಲ. ಅದಕ್ಕೆ ನನಗೆ ಏನು ಮಾಡ್ಬೇಕೋ ಮಾಡಿ."

"ಇವನ ಹತ್ರ ಎರಡು ಇರಬಾರದಾ?"

"ಇರಬಹುದು. ಆದ್ರೆ ಕದ್ದು ಒಳಗೆ ಒಯ್ದವನು ಅದನ್ನ ಹಿಡ್ಕೊಂಡು ನನ್ನ ಮೇಜಿಗೆ ಯಾಕೆ ಬರ್ತಾನೆ?"

ಅವರು ದಬ್ಬಣನ ಕೈಯಿಂದ ಹಳದಿ ಪೊಟ್ಟಣ ತೆಗೆದುಕೊಂಡರು. ಎರಡು ಪೊಟ್ಟಣಗಳನ್ನೂ ಒಂದೊಂದು ಕೈಯಲ್ಲಿ ಹಿಡಿದು ನಿಂತರು. ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ನನ್ನ ಬಾಯಿಗೆ ಬಂತು.

"ಹೋದ ತಿಂಗಳು ಒಂಬತ್ತು ಗಂಟೆಗೆ ನನ್ನ ಹಲಗೆ ಮೇಲೆ ಇಪ್ಪತ್ತಮೂರು ಚೀಲ ತೂಗ್ತಿದ್ವು. ನಿಮ್ಮ ಆದೇಶ ಬಂದಮೇಲೆ ಒಂದೂ ಇಲ್ಲ. ಇಪ್ಪತ್ತಮೂರು ಜನ ಒಂದೇ ಬೆಳಿಗ್ಗೆ ಬಿಟ್ಟುಬಿಟ್ರಾ? ಆ ಪೊಟ್ಟಣಗಳೆಲ್ಲ ಎಲ್ಲಿ ಹೋದ್ವು ಅಂತ ನೀವು ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ, ಅದು ನನ್ನ ತಪ್ಪು. ಒಳಗಿವೆ ಸರ್, ಊಟದ ಡಬ್ಬೀಲಿ, ಕಾಲುಚೀಲದಲ್ಲಿ, ಸೊಂಟದಲ್ಲಿ, ಹತ್ತಿ ಮಧ್ಯೆ. ನಮ್ಮ ಯಜಮಾನ್ರು ಸತ್ತದ್ದು ಯಾರದೋ ಬಾಯಿ ವಾಸನೆಯಿಂದ ಅಲ್ಲ. ಒಳಗೆ ಬಂದ ಕಡ್ಡಿಯಿಂದ."

ಅವರ ಮುಖ ಹತ್ತಿಯ ಬಣ್ಣಕ್ಕೆ ತಿರುಗಿತು. ನಿಂತ ಯಂತ್ರದ ಕಡೆ ನೋಡಿದರು. "ಈಗ ಏನು ಮಾಡ್ಬೇಕು ಅಂತೀರಿ?" ಎಂದರು.

"ಹಲಗೆ ತರಿಸಿ. ನೀವು ಆಫೀಸಿಗೆ ಹೋಗಿ ಬಾಗಿಲು ಹಾಕ್ಕೊಳ್ಳಿ. ಹತ್ತು ನಿಮಿಷ. ಯಾರದು ಏನು ಅಂತ ಆಮೇಲೂ ಕೇಳಬಾರದು."

ಕೇಳುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿ ಅವರು ಒಳಗೆ ಹೋದರು. ಬಾಗಿಲು ಮುಚ್ಚಿತು.

ಹಲಗೆಯನ್ನು ಸ್ಟೋರಿನಲ್ಲಿ ನೀರಿನ ಡ್ರಮ್ಮಿಗೆ ಮುಚ್ಚಳ ಮಾಡಿದ್ದರು. ಅಂಚಿನ ಹೆಂಗಸೂ ನಾನೂ ಹೊತ್ತು ತಂದು ಮೇಜಿನ ಮೇಲೆ ಮಲಗಿಸಿದೆವು. ಒಂದು ಕಡೆ ಒದ್ದೆಯಾಗಿತ್ತು, ಸೆರಗಿನಿಂದ ಒರೆಸಿದೆ. ಡ್ರಾಯರಿನಿಂದ ಚೀಲಗಳನ್ನು ತೆಗೆದು ಜೋಡಿಸಿದೆ. ಅರವತ್ತು ಜನ ಅಂಗಳದಲ್ಲಿ ನಿಂತಿದ್ದರು. ಯಾರೂ ಮುಂದೆ ಬರಲಿಲ್ಲ. ಒಬ್ಬರನ್ನೊಬ್ಬರು ನೋಡುತ್ತಿದ್ದರು. ಗೋಡೆಯ ಗಡಿಯಾರದಲ್ಲಿ ನಾಲ್ಕು ನಿಮಿಷ ಹೋಯಿತು.

"ನಾಚಿಕೆ ಬಂತಾ ನಮ್ಮ ರಾಜಕುಮಾರರಿಗೆ?" ಎಂದು ಅಂಚಿನ ಹೆಂಗಸು ಕಿರುಚಿದಳು. "ಅಲ್ಲಿ ಕೈ ಹರ್ಕೊಂಡು ನಿಂತವ್ನಿಗೆ ಕೆಲಸ ಹೋಗ್ತಿದೆ. ನಿಮಗೆ ಜೇಬು ಬಿಚ್ಚೋಕೆ ಮುಹೂರ್ತ ಬೇಕಾ?"

ಮೊದಲು ಬಂದದ್ದು ಸೂಪರ್‌ವೈಸರು. ಕಣ್ಣೆತ್ತದೆ ಒಂದು ಲೈಟರು ಇಟ್ಟು ಹೋದ. ಅವನ ಹಿಂದೆ ಒಬ್ಬ, ಅವನ ಹಿಂದೆ ಇನ್ನೊಬ್ಬ. ಒಬ್ಬನಂತೂ ಚಪ್ಪಲಿ ಬಿಚ್ಚಿ ಕಾಲುಚೀಲ ಕಳಚಿ ತೆಗೆದ. ಇನ್ನೊಬ್ಬ ಊಟದ ಡಬ್ಬಿಯ ತಳದಿಂದ ತೆಗೆದ ಪೊಟ್ಟಣದಲ್ಲಿ ಅನ್ನದ ಅಗುಳು ಅಂಟಿತ್ತು. ಕೊನೆಗೆ ಹಿಂಜುವ ಯಂತ್ರ ಓಡಿಸುವವನು ಬಂದ. ಅವನ ಕೈ ಖಾಲಿ. ನನ್ನ ಮೇಜಿನ ಮೇಲೆ ಮ್ಯಾನೇಜರು ಇಟ್ಟು ಹೋಗಿದ್ದ ಆ ಹಳದಿ ಪೊಟ್ಟಣವನ್ನು ಬೆರಳಿನಿಂದ ತಳ್ಳಿ ಒಂಬತ್ತನೆಯ ಚೀಲದ ಮೇಲೆ ಇಟ್ಟ.

"ನಂದಕ್ಕಾ" ಎಂದ, ತುಟಿ ಅಲುಗದ ಹಾಗೆ. "ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದೆ. ಬಗ್ಗಿದಾಗ ಬಿದ್ದಿದೆ."

ದಬ್ಬಣ ಅವನ ಪಕ್ಕದಲ್ಲೇ ಇದ್ದ. ಎಡಗೈಯಿಂದ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟ, ಅಷ್ಟೆ.

ಮ್ಯಾನೇಜರು ಹೊರಗೆ ಬಂದು ತಾವೇ ಎಣಿಸಿದರು. ದಬ್ಬಣನದನ್ನು ಬಿಟ್ಟು ಹತ್ತೊಂಬತ್ತು ಪೊಟ್ಟಣ, ಮೂರು ಲೈಟರು. ಇನ್ನೊಮ್ಮೆ ಎಣಿಸಿದರು. ಯಾರದೆಂದು ಕೇಳಲಿಲ್ಲ. ರಿಜಿಸ್ಟರು ತೆಗೆದುಕೊಂಡು, ದಬ್ಬಣನ ಕೈ ನೋಡಿ, "ಮೊದಲು ಹೋಗಿ ಕಟ್ಟು ಹಾಕಿಸ್ಕೋ" ಎಂದರು. ಕೆಲಸದ ಮಾತು ಎತ್ತಲಿಲ್ಲ. ಅವನೂ ಕೇಳಲಿಲ್ಲ. ಕಟ್ಟು ಹಾಕಿಸಿಕೊಂಡು ಹಾಗೇ ಮನೆಗೆ ಹೋದ. ಆ ಸಂಜೆ ಅವನ ಹೆಂಡತಿಯ ಮುಂದೆ ಅವನು ಏನು ಹೇಳಿದನೋ, ಎಷ್ಟು ಹೇಳಿದನೋ, ನನಗೆ ತಿಳಿಯದು.

ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಹಸಿರು ಫಲಕದ ಕೆಳಗೆ ನನ್ನ ಹಲಗೆಯನ್ನು ಗೋಡೆಗೆ ಹೊಡೆದಿದ್ದರು. ಮೇಜಿನ ಮೇಲೆ ನನಗೊಂದು ಮೆಮೊ ಇತ್ತು. ಆದೇಶ ಮೀರಿದ್ದಕ್ಕೆ ಎಚ್ಚರಿಕೆ. ಸಹಿ ಹಾಕಿದೆ, ಮೀರಿದ್ದು ನಿಜ. ಅದರ ಕೆಳಗೆ ಹೊಸ ರಿಜಿಸ್ಟರು. ನಂಬರಿನ ಮುಂದೆ ಬಂದ ಹೊತ್ತು, ಹೋದ ಹೊತ್ತು, ಎರಡೇ ಮನೆ. ಸೊನ್ನೆಗೂ ಗುರುತಿಗೂ ಜಾಗವಿರಲಿಲ್ಲ. ಹಳೆಯದನ್ನು ರದ್ದು ಮಾಡಿದ್ದೇವೆಂದು ಯಾರೂ ಹೇಳಲಿಲ್ಲ.

ಅವನು ಆಮೇಲೆ ಇನ್ನೂ ನಾಲ್ಕು ವರ್ಷ ಅಲ್ಲಿ ಹೊಲಿದ. ಕಾರ್ಡು ಹೆಂಡತಿಯ ಕೊನೆಯವರೆಗೂ ನಡೆಯಿತು. ಸಿಗರೇಟು ಬಿಟ್ಟನೇ ಎಂದರೆ ಬಿಡಲಿಲ್ಲ. ಹೊಗೆ ಒಳ್ಳೆಯದೆಂದು ನಾನು ಹೇಳುವವಳಲ್ಲ. ಬಿಡು ಎಂದು ವಾರಕ್ಕೊಮ್ಮೆಯಾದರೂ ಬೈಯುತ್ತಿದ್ದೆ. "ಬೈರಿ ಅಕ್ಕಾ, ಬೈಯೋದಕ್ಕೆ ರಿಜಿಸ್ಟರು ಬೇಕಿಲ್ಲ" ಎನ್ನುತ್ತಿದ್ದ.

ಆದರೆ ಆ ಬೆಳಿಗ್ಗೆ ಇದೆಲ್ಲ ಯಾರಿಗೂ ಗೊತ್ತಿರಲಿಲ್ಲ. ಎಂಟೂವರೆಗೆ ಸಾಲು ನಿಂತಿತ್ತು. ಮುಂದೆ ಯಾರೂ ಬರದೆ ಹಲಗೆಯನ್ನು ನೋಡುತ್ತ ನಿಂತಿದ್ದರು. ದಬ್ಬಣ ಕೊನೆಯಿಂದ ನಡೆದು ಬಂದ. ಬಲಗೈಗೆ ಬಿಳಿ ಪಟ್ಟಿ. ಹತ್ತೊಂಬತ್ತು ದಿನದ ಅಭ್ಯಾಸಕ್ಕೆ ಕಿಟಕಿಗೆ ಬಗ್ಗಿ ಬಾಯಿ ತೆರೆದ.

"ಉಸಿರು ನೀನೇ ಇಟ್ಕೋ" ಎಂದೆ. "ಕಡ್ಡಿ ಇಲ್ಲಿಡು."

ಅವನು ಎಡಗೈಯಿಂದ ಜೇಬು ತಡಕಿ ಪೊಟ್ಟಣ ತೆಗೆದು ಚೀಲಕ್ಕೆ ಹಾಕಿದ. ಒಂದೇ ಕೈಯಲ್ಲಿ ದಾರ ಎಳೆಯಲು ಬರಲಿಲ್ಲ. ಅವನ ಹಿಂದೆ ಬಂದು ನಿಂತಿದ್ದ ಯಂತ್ರದವನು ಕೈ ಚಾಚಿ ದಾರ ಎಳೆದು, ಚೀಲವನ್ನು ಇಪ್ಪತ್ತಾರನೆಯ ಮೊಳೆಗೆ ತೂಗುಹಾಕಿದ. ಆಮೇಲೆ ತನ್ನ ಸೊಂಟಕ್ಕೆ ಕೈ ಹಾಕಿದ.